ಅವ್ವ ಕುಡಿದ ಕಡಲೆ ಹುಳಿ

ನಿಜಾಮನ ಆಳ್ವಿಕೆ ಕೊನೆಗಾಣಿಸಿದ ಪೊಲೀಸ್ ಆ್ಯಕ್ಷನ್ ಮುಗಿದ ಮೇಲೆ ಭಾಲ್ಕಿಯ ನಮ್ಮ ಶಾಲೆಯಲ್ಲಿ ಉರ್ದು ಹೋಗಿ ಕನ್ನಡ ಬಂತು. ನನಗಾಗ ಇಪ್ಪತ್ತೊಂದು ವರ್ಷ. ತಡವಾಗಿ ಶಾಲೆ ಸೇರಿದ್ದರಿಂದ ಮೀಸೆ ಬಂದವನು ಎಂಟನೇ ತರಗತಿಯಲ್ಲಿ ಕೂತಿದ್ದೆ. ವಿಜ್ಞಾನದ ಮಾಸ್ತರರಿಗೂ ಕನ್ನಡದಲ್ಲಿ ಪಾಠ ಹೇಳುವುದು ಹೊಸದು. ಅವರು ತಡವರಿಸಿ ಹೇಳಿದ್ದನ್ನು ನಾನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದೆ.

ನಮ್ಮೂರು ಎಕಂಬಾ ಕಡೆ. ಚಳಿಗಾಲದಲ್ಲಿ ಕಡಲೆ ಗಿಡಗಳ ಮೇಲೆ ಸಂಜೆ ಬಿಳಿ ಧೋತರ ಹಾಸಿ, ಬಿಸಿಲೇರುವ ಮೊದಲೇ ಹಿಂಡುತ್ತಾರೆ. ಎಲೆಯ ಹುಳಿ ಇಬ್ಬನಿಯ ಜೊತೆ ಬಟ್ಟೆಗಿಳಿದಿರುತ್ತದೆ. ಹೊಟ್ಟೆನೋವಿಗೆ ಅದರ ನಾಲ್ಕು ಹನಿ ನೀರಿಗೆ ಹಾಕಿ ಕುಡಿಯುವುದು ರೂಢಿ. ಅವ್ವನಿಗೆ ಆ ವರ್ಷ ಹೊಟ್ಟೆನೋವು ಬಿಡಲೇ ಇಲ್ಲ. ಬೀದರಿನ ದವಾಖಾನೆಗೆ ಹೋಗೋಣವೆಂದರೆ, "ಡಾಕ್ಟರಗ ನನ್ನ ಹೊಟ್ಟಿ ಏನ್ ಗೊತ್ತೋ?" ಎಂದು ಹುಳಿಯ ಸೀಸೆ ತೋರಿಸುತ್ತಿದ್ದಳು.

ಅದರಲ್ಲಿ ಏನಿದೆ ಎಂದು ಮಾಸ್ತರರನ್ನು ಕೇಳಿದೆ.

"ಮ್ಯಾಲಿಕ್ ಆಮ್ಲ ಅದ. ಉಂಡದ್ದು ಶಕ್ತಿ ಆಗೋ ಹೊತ್ತಿಗಿ ನಮ್ಮ ಮೈಯಾಗೂ ಹುಟ್ತದ. ಹುಟ್ಟಿ ಮತ್ತೊಂದು ಆಗ್ತದ, ತಿರಗಿ ಮತ್ತ ಹುಟ್ತದ. ಗಾಣದ ಎತ್ತು ಸುತ್ತದಂಗ."

ಶನಿವಾರ ಊರಿಗೆ ಹೋದವನೇ ಅವ್ವನ ಮುಂದೆ ಕೂತೆ. "ಈ ಹುಳಿ ನಿನ್ನ ಮೈಯಾಗ ತಾನ ಹುಟ್ತದವ್ವ. ಮೈಗಿ ಶಕ್ತಿ ಬರೋದ್ರಾಗ ಇದರ ಕೆಲಸಾನೂ ಅದ. ಹೊರಗಿಂದು ಯಾಕ ಬೇಕು? ದವಾಖಾನಿಗಿ ನಡಿ."

ಅವಳ ಕಿವಿಗೆ ಬಿದ್ದದ್ದು ಶಕ್ತಿಯ ಮಾತೊಂದೇ. ನಾನು ಭಾಲ್ಕಿಗೆ ಮರಳಿದ ಮೇಲೆ ನಾಲ್ಕು ಹನಿಯ ಲೆಕ್ಕ ಬಿಟ್ಟು ದಿನಕ್ಕೊಂದು ಬಟ್ಟಲು ಕುಡಿದಿದ್ದಾಳೆ. ಮುಂದಿನ ವಾರ ಹೋದಾಗ ಹೊಟ್ಟೆ ಹಿಡಿದು ಬಾಗಿ ಕೂತಿದ್ದಳು. ಬಾಯೆಲ್ಲ ಹುಣ್ಣು. ಬೈಯೋಣವೆಂದರೆ ಯಾರನ್ನು ಬೈಯಲಿ? ಸೀಸೆಯನ್ನು ತಿಪ್ಪೆಗೆಸೆದು ಅವಳನ್ನು ಬೀದರಿನ ಬಸ್ಸಿಗೆ ಹತ್ತಿಸಿದೆ.

"ಇಷ್ಟು ಹುಳಿ ಕುಡಿ ಅಂತ ಯಾರ್ ಹೇಳಿದ್ರಮ್ಮ?" ಡಾಕ್ಟರ್ ಕೇಳಿದರು.

"ನನ್ನ ಮಗಾರಿ. ಸಾಲಿ ಕಲಿಲತ್ತಾನ."

ಅವರು ನನ್ನ ಮೀಸೆ ನೋಡಿದರು. "ಹುಳಿ ಆಮ್ಯಾಲ ಬಿಡಸಮು. ಮೊದಲ ಇವನ ಸಾಲಿ ಬಿಡಸ್ರಿ."

ನಾನು ಹಾಗೆ ಹೇಳಿರಲಿಲ್ಲ ಎಂದು ವಾದಿಸಲು ಹೋದೆ. ಅವರಾಗಲೇ ಚೀಟಿ ಬರೆಯುತ್ತಿದ್ದರು: ಕರುಳಿನಲ್ಲಿ ಹುಣ್ಣಾಗಿದೆ, ಹಾಲನ್ನ ಕೊಡಿ, ಒಂದು ಹನಿ ಹುಳಿಯೂ ಕೂಡದು.

ಮರಳುವಾಗ ಬಸ್ಸಿನಲ್ಲಿ ಮತ್ತೆ ಶುರು ಮಾಡಿದೆ. ಮೈ ತನಗೆ ಬೇಕಾದಷ್ಟನ್ನು ತಾನೇ ಮಾಡಿಕೊಳ್ಳುತ್ತದೆ, ಹೊರಗಿನಿಂದ ಸುರಿದುಕೊಂಡರೆ ಶಕ್ತಿ ಹೆಚ್ಚುವುದಿಲ್ಲ ಎಂದು ಹೇಳಬೇಕಿತ್ತು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ತಡೆದಳು.

"ಸಾಕು ಮಾಡೋ ಮಾರಾಯಾ. ಅರ್ಧ ಕೇಳಿದ್ದಕ್ಕ ಇಷ್ಟಾತು. ಪೂರಾ ಕೇಳಿದ್ರ ಉಳಿತೀನೇನು?"