ಊರು ಆದ ಮೇಲೆ ಒಂದು ಟ್ಯಾಬ್

ಕಂಪ್ಯೂಟರಿನಲ್ಲಿ ಬರೆಯುವಾಗ ಮಿಣುಕು ಮಿಣುಕು ಎನ್ನುವ ಆ ಸಣ್ಣ ಗೀಟನ್ನು ನೀವೂ ನೋಡಿದ್ದೀರಿ. ಕರ್ಸರ್ ಎನ್ನುತ್ತಾರೆ. ಈಗ, ಈ ಹಾಡಹಗಲು ಹನ್ನೊಂದು ಗಂಟೆಗೆ, ಕದ್ರಿಯ ಈ ಮಹಡಿ ಕೋಣೆಯಲ್ಲಿ ಕೂತು ನಾನು ಟ್ಯಾಬ್ ಕೀಲಿ ಒತ್ತಿದೆ. ಗೀಟು ಹೆಸರಿನ ಬಾಕ್ಸಿನಿಂದ ವಯಸ್ಸಿಗೆ ಹಾರಿತು. ಇನ್ನೊಮ್ಮೆ ಒತ್ತಿದೆ, ವಯಸ್ಸಿನಿಂದ ಊರಿಗೆ. ಮತ್ತೊಮ್ಮೆ ಒತ್ತಿದೆ. ಗೀಟು ಇಲ್ಲ. ಸ್ಕ್ರೀನಿನಲ್ಲಿ ಎಲ್ಲಿಯೂ ಇಲ್ಲ. ಇನ್ನೊಂದು ಸಲ ಒತ್ತಿದಾಗ ಮುಂದಿನ ಬಾಕ್ಸಿನಲ್ಲಿ ಏನೂ ಆಗದ ಹಾಗೆ ಮಿಣುಕುತ್ತಾ ನಿಂತಿತು.

ನಡುವೆ ಅದು ಎಲ್ಲಿಗೆ ಹೋಗಿ ಬಂತು?

ನಿಮಗೆ ಇದೊಂದು ದೊಡ್ಡ ವಿಷಯ ಅನ್ನಿಸದಿರಬಹುದು. ಜನ ತುಂಬುವ ಫಾರ್ಮುಗಳನ್ನು, ಒತ್ತುವ ಬಟನ್ನುಗಳನ್ನು ಮಾಡುವುದು, ಅವು ಕೈಕೊಟ್ಟಾಗ ಹೋಗಿ ಸರಿಮಾಡುವುದು ಇಪ್ಪತ್ತನಾಲ್ಕು ವರ್ಷಗಳಿಂದ ನನ್ನ ಹೊಟ್ಟೆಪಾಡು. ಬಟನ್ ಎರಡು ಸಲ ಒತ್ತಿದರೆ ಎರಡು ಟೋಕನ್ ಬರುವುದು, ತಾರೀಕಿನಲ್ಲಿ ದಿನ ತಿಂಗಳು ಅದಲುಬದಲಾಗುವುದು, ಮೊಬೈಲಿನಲ್ಲಿ ತೆರೆದರೆ ಅರ್ಧ ಫಾರ್ಮು ಕಾಣದಿರುವುದು, ಇಂಥವಕ್ಕೆಲ್ಲ ನನ್ನ ಹತ್ತಿರ ಮದ್ದು ಉಂಟು. ಗೀಟು ಮಾಯವಾಗುವುದಕ್ಕೂ ಉಂಟು. ಆದರೆ ಈ ಫಾರ್ಮಿನಲ್ಲಿ, ಈ ಜಾಗದಲ್ಲಿ, ಊರು ಆದ ಮೇಲೆ ಅದು ಮಾಯವಾಗಬಾರದಿತ್ತು. ಕೈ ತಣ್ಣಗಾಯಿತು. ಫ್ಯಾನ್ ಆಫ್ ಮಾಡಿ ನೋಡಿದೆ. ಆಮೇಲೂ ತಣ್ಣಗೇ ಇತ್ತು.

ಯಾಕೆ ಎಂದು ಹೇಳಬೇಕಾದರೆ ಶಶಿಯಕ್ಕನ ಬಗ್ಗೆ ಹೇಳಬೇಕು. ಅವರಿಗೆ ನಾನು ಹೇಳಿದ ಒಂದು ಸುಳ್ಳಿನ ಬಗ್ಗೆಯೂ.

ಶಶಿಯಕ್ಕ ಕಾವೂರಿನ ಒಂದು ಸಣ್ಣ ಕ್ಲಿನಿಕ್ಕಿನ ಕೌಂಟರಿನಲ್ಲಿ ಕೂರುತ್ತಿದ್ದವರು. ಗದ್ದೆ ಮನೆ ಎಲ್ಲ ಇದ್ದ ಬಂಟರ ಕುಟುಂಬ. ದಾಯಾದಿಗಳೆಲ್ಲ ಹೋಟೆಲು, ಬಸ್ಸು ಎಂದು ಏನೇನೋ ಮಾಡುತ್ತಿದ್ದಾಗ ಈಯಮ್ಮ ಮಾತ್ರ ಇಸ್ತ್ರಿ ಮಾಡಿದ ಕಾಟನ್ ಸೀರೆಯುಟ್ಟು ಬೆಳಿಗ್ಗೆ ಎಂಟಕ್ಕೆ ಬಂದು ಆ ಕುರ್ಚಿಯಲ್ಲಿ ಕೂರುತ್ತಿದ್ದರು. ಅದು ಸಂಬಳದ ಅಗತ್ಯವೋ, ಜನರ ಮುಖ ನೋಡುವ ಚಟವೋ ನನಗೆ ಕೊನೆಗೂ ತಿಳಿಯಲಿಲ್ಲ. ನಾನು ಮಾಡಿಕೊಟ್ಟ ಫಾರ್ಮಿನಲ್ಲಿ ಅವರು ರೋಗಿಗಳ ಹೆಸರು, ವಯಸ್ಸು, ಊರು ತುಂಬುತ್ತಿದ್ದರು. ಊರು ಆದ ಮೇಲೆ 'ಷರಾ' ಎಂಬ ಒಂದು ಬಾಕ್ಸ್, ಅದಾದ ಮೇಲೆ ಫೋನ್ ನಂಬರ್. ಅಷ್ಟಾದರೆ ಒಳಗೆ ಡಾಕ್ಟರ ಸ್ಕ್ರೀನಿನಲ್ಲಿ ಎಲ್ಲವೂ ಕಾಣುತ್ತಿತ್ತು.

ಅವರು ಟೈಪ್ ಮಾಡುವುದೇ ಒಂದು ನೋಟ. ಸ್ಕ್ರೀನ್ ನೋಡುತ್ತಲೇ ಇರಲಿಲ್ಲ. ಕಣ್ಣು ಎದುರಿಗೆ ನಿಂತವರ ಮುಖದ ಮೇಲೆ, ಬೆರಳು ಕೀಲಿಗಳ ಮೇಲೆ.

"ಒಮ್ಮೆ ಸ್ಕ್ರೀನ್ ನೋಡಿ ಅಕ್ಕ, ತಪ್ಪಾದ್ರೆ?" ಎಂದು ನಾನು ಚಡಪಡಿಸಿದರೆ, "ನಾನು ಅದನ್ನು ನೋಡಿದ್ರೆ ಇವರನ್ನು ನೋಡುವುದು ಯಾರು ಮಾರಾಯ, ನಿನ್ನ ಅಜ್ಜನಾ?" ಎನ್ನುತ್ತಿದ್ದರು.

ನನ್ನ ಸ್ವಭಾವದ ಬಗ್ಗೆಯೂ ಅವರಿಗೆ ಒಂದು ಅಭಿಪ್ರಾಯವಿತ್ತು. ಸ್ಕೂಟರಿಗೆ ಸ್ಟ್ಯಾಂಡ್ ಹಾಕಿದ ಮೇಲೂ ಎರಡು ಸಲ ಅಲ್ಲಾಡಿಸಿ ನೋಡುವವನು ನಾನು. ನನ್ನ ಫಾರ್ಮುಗಳೂ ಹಾಗೆಯೇ. 'ಉಳಿಸಬೇಕೇ?' ಎಂದು ಕೇಳುತ್ತವೆ. ಹೌದು ಎಂದರೆ 'ಖಂಡಿತವಾಗಿಯೂ?' ಎಂದು ಕೇಳುತ್ತವೆ. "ಇದು ಸಾಫ್ಟ್‌ವೇರ್ ಅಲ್ಲ, ನೀನೇ ಒಳಗೆ ಕೂತು ಹೆದರುವುದು" ಎಂದು ಶಶಿಯಕ್ಕ ನಗುತ್ತಿದ್ದರು.

ಷರಾ ಬಾಕ್ಸನ್ನು ಡಾಕ್ಟರು ಕೇಳಿದ್ದು 'ಶುಗರ್ ಉಂಟು', 'ಬಿಪಿ ಮಾತ್ರೆ' ಎಂದೆಲ್ಲ ಬರೆಯಲಿಕ್ಕೆ. ಶಶಿಯಕ್ಕ ಅದರಲ್ಲಿ ಬರೆದದ್ದೇ ಬೇರೆ. ಇಂಗ್ಲಿಷ್ ಅಕ್ಷರದಲ್ಲಿ, ಅರ್ಧ ಕನ್ನಡ ಅರ್ಧ ತುಳು. 'ಒಬ್ಬರೇ ಬಂದಿದ್ದಾರೆ.' 'ಮಗಳು ಬಾಯಿ ಬಿಡಲಿಕ್ಕೆ ಬಿಡುವುದಿಲ್ಲ, ಅವಳನ್ನು ಹೊರಗೆ ಕಳಿಸಿ ಕೇಳಿ.' 'ಮಸ್ತ್ ಪೋಡಿಗೆ', ಅಂದರೆ ತುಂಬಾ ಹೆದರಿದ್ದಾರೆ ಎಂದು. ಡಾಕ್ಟರು ಕೈಗುಣ ಒಳ್ಳೆಯ, ಬಾಯಿ ಬಿರುಸಿನ ಮನುಷ್ಯ. ಒಂದು ದಿನ ನನ್ನನ್ನು ಕರೆಸಿ, "ನನ್ನ ಸ್ಕ್ರೀನಿನಲ್ಲಿ ಇವರ ಕಥೆ ಕಾದಂಬರಿ ಬೇಡ. ಆ ಬಾಕ್ಸ್ ತೆಗೀರಿ" ಎಂದರು.

ತೆಗೆದೆ. ಎರಡೇ ದಿನದಲ್ಲಿ ಗಲಾಟೆ ಶುರುವಾಯಿತು. ಶಶಿಯಕ್ಕನ ಬೆರಳುಗಳಿಗೆ ಲೆಕ್ಕ ಬಾಯಿಪಾಠ. ಊರು ಆದ ಮೇಲೆ ಒಂದು ಟ್ಯಾಬ್, ಷರಾ, ಇನ್ನೊಂದು ಟ್ಯಾಬ್, ಫೋನ್. ನಡುವಿನ ಬಾಕ್ಸ್ ಹೋದದ್ದು ಬೆರಳಿಗೆ ಗೊತ್ತಿಲ್ಲ. ಹಾಗಾಗಿ ಫೋನ್ ನಂಬರಿನ ಜಾಗದಲ್ಲಿ 'ಒಬ್ಬರೇ ಬಂದಿದ್ದಾರೆ' ಎಂದು ಬಿತ್ತು, ನಂಬರು ಗಾಳಿಗೆ ಹೋಯಿತು. ರಿಪೋರ್ಟು ಬಂದರೆ ಯಾರಿಗೆ ಫೋನ್ ಮಾಡುವುದು?

ಆಗ ನಾನು ಮಾಡಿದ ಉಪಾಯವನ್ನು ನನ್ನ ಕಸುಬಿನವರು ಓದಿದರೆ ತಲೆ ತಗ್ಗಿಸಿಯಾರು, ಯಾಕೆಂದರೆ ಎಲ್ಲರೂ ಒಮ್ಮೆಯಾದರೂ ಮಾಡಿದ್ದೇ. ಬಾಕ್ಸನ್ನು ವಾಪಸು ತಂದೆ. ಆದರೆ ಇಡುವಾಗ ಕಿಟಕಿಯ ಅಂಚಿನ ಆಚೆ, ಬಲಗಡೆ, ಯಾವ ಸ್ಕ್ರೀನೂ ಮುಟ್ಟದಷ್ಟು ದೂರದಲ್ಲಿ ಇಟ್ಟೆ. ಬಾಕ್ಸ್ ಉಂಟು, ಕಾಣುವುದಿಲ್ಲ. ಟ್ಯಾಬ್ ಒತ್ತಿದರೆ ಗೀಟು ಅಲ್ಲಿಗೆ ಹೋಗುತ್ತದೆ, ಬರೆದದ್ದು ಅಲ್ಲಿ ಬೀಳುತ್ತದೆ, ಇನ್ನೊಂದು ಟ್ಯಾಬಿಗೆ ಗೀಟು ಹಿಂದೆ ಬರುತ್ತದೆ. ಬೆರಳಿನ ಲೆಕ್ಕ ತಪ್ಪುವುದಿಲ್ಲ. ಡಾಕ್ಟರ ಸ್ಕ್ರೀನಿನಿಂದ ಮಾತ್ರ ಪೂರಾ ತೆಗೆದುಬಿಟ್ಟೆ.

ಮೊದಲ ದಿನ ಪಕ್ಕದಲ್ಲಿ ನಿಂತು ನೋಡಿದೆ. ಊರಿನ ಬಾಕ್ಸಿನಿಂದ ಗೀಟು ಹೊರಟಿತು, ಸ್ಕ್ರೀನ್ ಸತ್ತ ಹಾಗೆ ನಿಂತಿತು. ಶಶಿಯಕ್ಕನ ಬೆರಳು ಮಾತ್ರ ಟಕಟಕ ಎನ್ನುತ್ತಿತ್ತು. ಸದ್ದು ಉಂಟು, ಅಕ್ಷರ ಇಲ್ಲ. ನನಗೆ ನಮ್ಮ ಕಡೆ ತೀರಿಕೊಂಡ ಹಿರಿಯರಿಗೆ ಬಡಿಸುವುದು ನೆನಪಾಯಿತು. ಎಲೆ ಹಾಕಿ, ಎಲ್ಲ ಬಡಿಸಿ, ಬಾಗಿಲು ಮುಚ್ಚಿ ನಾವೆಲ್ಲ ಹೊರಗೆ ಮಾತಾಡದೆ ನಿಲ್ಲುತ್ತೇವಲ್ಲ, ಒಳಗೆ ಏನು ನಡೆಯುತ್ತದೆ ಎಂದು ಯಾರೂ ಕೇಳದ ಆ ಐದು ನಿಮಿಷ.

ಶಶಿಯಕ್ಕನಿಗೆ ಏನೋ ಅನುಮಾನ ಬಂತು. ಅಪರೂಪಕ್ಕೆ ಸ್ಕ್ರೀನಿನ ಕಡೆ ತಿರುಗಿದರು.

"ಇಲ್ಲಿ ಷರಾ ಇತ್ತಲ್ಲ, ಅದು ಎಲ್ಲಿ?"

"ಉಂಟಕ್ಕ. ನಿಮಗೆ ಕಾಣುವುದಿಲ್ಲ ಅಷ್ಟೆ. ಒಳಗೆ ಡಾಕ್ಟ್ರಿಗೆ ಕಾಣ್ತದೆ."

ಇದೇ ಆ ಸುಳ್ಳು. ಎರಡು ಸೆಕೆಂಡಿನಲ್ಲಿ ಬಾಯಿಂದ ಬಂತು. ಸ್ಕೂಟರಿನ ಸ್ಟ್ಯಾಂಡನ್ನು ಎರಡೆರಡು ಸಲ ನೋಡುವವನು ಇದನ್ನು ಒಂದು ಸಲವೂ ಅಲ್ಲಾಡಿಸಿ ನೋಡಲಿಲ್ಲ.

"ಹಾಗಾದ್ರೆ ಸರಿ. ಅವರಿಗೆ ಕಂಡ್ರೆ ಸಾಕು" ಎಂದು ಶಶಿಯಕ್ಕ ಮುಂದಿನವರ ಮುಖ ನೋಡಿದರು.

ಹನ್ನೊಂದು ವರ್ಷ ಬರೆದರು. ಆಮೇಲೆ ಆರೋಗ್ಯ ಕೆಟ್ಟು ಮನೆಯಲ್ಲಿ ಕೂತರು, ಕೆಲವೇ ತಿಂಗಳಲ್ಲಿ ತೀರಿಕೊಂಡರು. ಈಗ ಮೂರು ವರ್ಷವಾಯಿತು. ಡಾಕ್ಟರೂ ವಯಸ್ಸಾಗಿ ನಿಲ್ಲಿಸಿದರು, ಈಗ ಅವರ ಮಗಳು, ಅವರೂ ಡಾಕ್ಟರೇ, ಕ್ಲಿನಿಕ್ ನೋಡಿಕೊಳ್ಳುತ್ತಾರೆ. ಕೌಂಟರಿನಲ್ಲಿ ಸಫಿಯಾ ಎಂಬ ಹುಡುಗಿ. ಬ್ಯಾರಿಗಳ ಮನೆಯವಳು, ಗಂಡ ಗಲ್ಫಿನಲ್ಲಿ. ಕೆಲಸ ಬಿಡುವ ಮೊದಲು ಒಂದು ತಿಂಗಳು ಶಶಿಯಕ್ಕನೇ ಪಕ್ಕದಲ್ಲಿ ಕೂರಿಸಿ ಕಲಿಸಿದ್ದರು. ಬಾಕ್ಸಿನ ವಿಷಯ ನನಗೆ ಮರೆತೇಹೋಗಿತ್ತು. ಅಥವಾ ಮರೆತಿದೆ ಎಂದು ನಾನು ಅಂದುಕೊಂಡಿದ್ದೆ.

ಎರಡು ತಿಂಗಳ ಹಿಂದೆ ಕ್ಲಿನಿಕ್ಕಿಗೆ ಹೊಸ ಮಾನಿಟರ್ ಬಂತು. ಹಳೆಯ ಚೌಕದ್ದಲ್ಲ, ಗೋಡೆಗೆ ನೇತುಹಾಕುವ ಟೀವಿಯಷ್ಟು ಅಗಲ. ಮಧ್ಯಾಹ್ನ ಹನ್ನೆರಡಕ್ಕೆ ಸಫಿಯಾ ಫೋನ್ ಮಾಡಿದಳು.

"ಅಣ್ಣ, ಬಲಗಡೆ ಖಾಲಿ ಜಾಗ ಉಂಟಲ್ಲ, ಅಲ್ಲಿ ಒಂದು ಎಂತದ್ದೋ ಬಂದುಂಟು."

"ಎಂತದ್ದು?"

"ಗೊತ್ತಿಲ್ಲ. ಮೊದಲು ಇರ್ಲಿಲ್ಲ. ಒಳಗೆ ಬರೆದದ್ದೂ ಉಂಟು."

ನಡು ಮಧ್ಯಾಹ್ನ ಮರದಡಿಗೆ ಹೋಗಬೇಡ ಎಂದು ನನ್ನ ಅಜ್ಜಿ ಹೇಳುತ್ತಿದ್ದದ್ದು ಸುಮ್ಮನೆ ಅಲ್ಲ ಎಂದು ಅವತ್ತು ಅನ್ನಿಸಿತು. ಹೋಗಿ ನೋಡಿದರೆ, ಫಾರ್ಮಿನ ಎಲ್ಲವೂ ಎಡಗಡೆ ಗುಂಪಾಗಿ ಇತ್ತು. ಆಚೆ ಒಂದು ಮೊಳ ಬರೀ ಬೂದು ಬಣ್ಣ. ಆ ಬಯಲಿನ ಆ ಕೊನೆಯಲ್ಲಿ, ಒಂಟಿಯಾಗಿ, ನನ್ನ ಬಾಕ್ಸ್. ಅಗಲದ ಸ್ಕ್ರೀನ್ ಅದನ್ನು ಕೊನೆಗೂ ಮುಟ್ಟಿತ್ತು. ಹದಿನಾಲ್ಕು ವರ್ಷದ ಮೇಲೆ ಅದು ಹೊರಗೆ ಬಂದು ನಿಂತಿತ್ತು.

ಒಳಗೆ ಹೀಗಿತ್ತು: 'ಒಬ್ಬರೇ ಬಂದಿದ್ದಾರೆ. ಮಸ್ತ್ ಪೋಡಿಗೆ. ಕೇಳಿ.'

ತಾರೀಕು ನೋಡಿದೆ. ನಿನ್ನೆಯದು.

ಶಶಿಯಕ್ಕನ ಮಾತು, ಶಶಿಯಕ್ಕನದೇ ತುಳು, ನಿನ್ನೆಯ ತಾರೀಕು. ನನ್ನ ಬೆನ್ನಿನ ಮೇಲೆ ಯಾರೋ ಒದ್ದೆ ಬೆರಳು ಎಳೆದ ಹಾಗಾಯಿತು. "ಇದು... ಯಾರು ಬರೆದದ್ದು?"

"ನಾನೇ. ಮತ್ತೆ ಯಾರು?" ಸಫಿಯಾ ನನ್ನನ್ನೇ ವಿಚಿತ್ರವಾಗಿ ನೋಡಿದಳು. "ಶಶಿಯಕ್ಕ ಹೇಳಿಕೊಟ್ಟದ್ದು ಹಾಗೆ. ಊರು ಆದ ಮೇಲೆ ಒಂದು ಟ್ಯಾಬ್. ಮುಖ ನೋಡು, ಕಂಡದ್ದು ಬರಿ, ಕೊನೆಗೆ 'ಕೇಳಿ' ಅಂತ ಹಾಕು. ಸ್ಕ್ರೀನಲ್ಲಿ ಕಾಣುವುದಿಲ್ಲ, ಡಾಕ್ಟ್ರಿಗೆ ಕಾಣ್ತದೆ ಅಂತ. ಯಾಕಣ್ಣ?"

"ಏನಿಲ್ಲ" ಎಂದೆ. ಎರಡನೆಯ ಸಲ ಅದೇ ಸುಳ್ಳು.

ಹಳೆಯ ಫಾರ್ಮ್ ಬಿಟ್ಟು ಬ್ರೌಸರಿನಲ್ಲಿ ತೆರೆಯುವ ಹೊಸದನ್ನು ಮಾಡಿಕೊಡಬೇಕೆಂದು ಡಾಕ್ಟರ ಮಗಳು ಆಗಲೇ ಹೇಳಿದ್ದರು. ಹಳೆಯದರಲ್ಲಿ ಯಾವುದು ಬೇಕು, ಯಾವುದು ಬೇಡ ಎಂದು ನಾನು ಸೋಮವಾರ ಪಟ್ಟಿ ಕೊಡಬೇಕಿತ್ತು. ಷರಾದ ಆ ಒಂದು ಕಾಲಮನ್ನು 'ಬೇಡ'ದ ಕಡೆಗೆ ಹಾಕಿದರೆ ಮುಗಿಯಿತು. ಸುಳ್ಳೂ ಅದರ ಜೊತೆಗೆ ಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. 'ಅಳಿಸಬೇಕೇ?' 'ಹೌದು.' 'ಖಂಡಿತವಾಗಿಯೂ?' ನನ್ನ ಪ್ರಶ್ನೆಯ ಮುಂದೆ ನಾನೇ ಬೆರಳೆತ್ತಿ ಕೂತೆ.

ಅಳಿಸುವ ಮೊದಲು ಒಮ್ಮೆ ಓದುವ ಎಂದು ತೆರೆದದ್ದೇ ತಪ್ಪಾಯಿತು, ಅಥವಾ ಸರಿಯಾಯಿತು. ಸಾವಿರಗಟ್ಟಲೆ ಸಾಲುಗಳು. ಎಲ್ಲದರ ಕೊನೆಗೂ ಆ ಒಂದೇ ಮಾತು. 'ಮೂರನೇ ಸಲ ತಲೆನೋವು ಅಂತ ಬಂದದ್ದು. ತಲೆನೋವಲ್ಲ. ಕೇಳಿ.' 'ನಗ್ತಾ ಇದ್ದಾರೆ, ಕೈ ನಡುಗ್ತದೆ. ಕೇಳಿ.' ಯಾರೂ ಕೇಳಿರಲಿಲ್ಲ. ಆ ಜನರೆಲ್ಲ ಏನು ಹೇಳಲಿಕ್ಕಿದ್ದರು, ಹೇಳದೆ ಎಲ್ಲಿಗೆ ಹೋದರು? ಓದುತ್ತಾ ಓದುತ್ತಾ ಕೋಣೆಯಲ್ಲಿ ಯಾರೋ ಸಾಲು ನಿಂತ ಹಾಗೆ, ಹಿಂದಿರುಗಿ ನೋಡಿದರೆ ಮುಖ ಕಂಡೀತೆಂಬ ಹಾಗೆ ಆಗತೊಡಗಿತು. ನಾನು ಹಿಂದಿರುಗಿ ನೋಡಲಿಲ್ಲ.

ಎದುರಿಗೇ ನನ್ನ ಹೆಸರು ಬಂತು.

ಎಂಟು ವರ್ಷದ ಹಿಂದೆ ಕುತ್ತಿಗೆಯಲ್ಲೊಂದು ಗಂಟು ಕೈಗೆ ಸಿಕ್ಕಿ ನಾನು ಅದೇ ಕ್ಲಿನಿಕ್ಕಿಗೆ ರೋಗಿಯಾಗಿ ಹೋಗಿದ್ದೆ. ಪರೀಕ್ಷೆ ಆಯಿತು. ಆ ವಾರ ರಿಪೋರ್ಟಿನ ಕವರನ್ನು ಡಾಕ್ಟರು ತಲೆ ಎತ್ತದೆ ಕೈಗೆ ಕೊಟ್ಟು, "ನೋಡಿಕೊಳ್ಳಿ" ಎಂದು ಮುಂದಿನವರನ್ನು ಕರೆದರು. ಮನೆ ಕದ್ರಿಯಲ್ಲಿ. ನಾನು ಸ್ಕೂಟರನ್ನು ತಿರುಗಿಸಿದ್ದು ಬೇರೆಯೇ ದಾರಿಯ ಕೂಳೂರಿಗೆ. ಸೇತುವೆಯ ಬುಡದಲ್ಲಿ ನಿಲ್ಲಿಸಿ, ಅಂಟಿಸಿದ ಕವರನ್ನು ಹಿಡಿದು, ಹೊಳೆ ನೋಡುತ್ತಾ ಎಷ್ಟು ಹೊತ್ತು ನಿಂತೆನೋ. ಲಾರಿ ಹೋದಾಗಲೆಲ್ಲ ಕಾಲಡಿಯ ನೆಲ ನಡುಗುತ್ತಿತ್ತು. ಅವತ್ತು ಏನೇನು ಯೋಚನೆ ಬಂತು ಎಂದು ಇಲ್ಲಿ ಬರೆಯುವುದಿಲ್ಲ. ಕವರ್ ಒಡೆಯಲಿಕ್ಕೆ ನನಗೆ ಒಂಬತ್ತು ದಿನ ಹಿಡಿಯಿತು. ಒಳಗೆ ಏನೂ ಇರಲಿಲ್ಲ, ಬರೀ ಕೊಬ್ಬಿನ ಗಂಟು. ಆ ಒಂಬತ್ತು ದಿನ ಮಾತ್ರ ನನ್ನ ಆಯಸ್ಸಿನಲ್ಲಿ ಇವತ್ತಿಗೂ ಒಂದು ತೂತು.

ನನ್ನ ಹೆಸರಿನ ಮುಂದೆ ಶಶಿಯಕ್ಕ ಬರೆದಿದ್ದರು: 'ನಮ್ಮ ಕಂಪ್ಯೂಟರಿನವನು. ಮನೆಯಲ್ಲಿ ಹೇಳಿಲ್ಲ. ಕವರ್ ಕೈಯಲ್ಲಿ ಕೊಡಬೇಡಿ, ಕೂರಿಸಿ ಹೇಳಿ. ಇವನಿಗೆ ತಡೆಯಲಿಕ್ಕಾಗುವುದಿಲ್ಲ. ಕೇಳಿ.'

ನನ್ನನ್ನು ಕೂರಿಸಿ ಹೇಳಬೇಕಾದ ಮಾತನ್ನು ಯಾರಿಗೂ ಕಾಣದ ಜಾಗದಲ್ಲಿ ಇಟ್ಟವನು ನಾನೇ.

ಸೋಮವಾರ ಪಟ್ಟಿಯ ಬದಲು ಆ ಸಾಲುಗಳನ್ನೇ ಡಾಕ್ಟರ ಮಗಳ ಮುಂದಿಟ್ಟೆ. ಸಫಿಯಾಳನ್ನೂ ಕರೆದೆ. ಡಾಕ್ಟರ ಮಗಳು ಸುಮಾರು ಹೊತ್ತು ಓದಿದರು.

"ಇದನ್ನೆಲ್ಲ ಅಪ್ಪ ನೋಡಿದ್ದಾರಾ?"

"ಇಲ್ಲ ಮೇಡಂ. ತೆಗೀಲಿಕ್ಕೆ ಹೇಳಿದ್ದು ಅವರೇ. ಅವರಿಗೆ ಕಾಣ್ತದೆ ಅಂತ ಅಕ್ಕನಿಗೆ ಹೇಳಿದ್ದು ನಾನು. ಸುಳ್ಳು ಹೇಳಿದ್ದು."

ಸಫಿಯಾ ನನ್ನ ಕಡೆ ತಿರುಗಿದಳು. "ಹಾಗಾದ್ರೆ ಮೂರು ವರ್ಷ ನಾನು ಯಾರಿಗೆ ಬರೆದದ್ದು ಅಣ್ಣ?"

ಬೈಗುಳಕ್ಕೆ ತಯಾರಾಗಿ ನಿಂತಿದ್ದೆ, ಬೈಗುಳ ಬರಲಿಲ್ಲ. ಡಾಕ್ಟರ ಮಗಳು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಸಫಿಯಾ, ಈ ವಾರ ಬಂದವರದ್ದು ಮೊದಲು ತೆಗಿ. ಎಲ್ಲರಿಗೂ ಫೋನ್ ಮಾಡುವ" ಎಂದರು. ಮಾಡಿದರು. ಯಾರು ಏನು ಹೇಳಿದರೆಂದು ನಾನು ಕೇಳಲಿಲ್ಲ, ಅದು ನನಗೆ ಸಂಬಂಧಿಸಿದ್ದಲ್ಲ. ಮುಚ್ಚಿದ ಬಾಗಿಲಿನ ಆಚೆ ಒಬ್ಬರು ಹೆಂಗಸು ಅತ್ತ ಸದ್ದು ಮಾತ್ರ ಮರುದಿನ ಕೇಳಿತು.

ಹೊಸ ಫಾರ್ಮಿನಲ್ಲಿ ಷರಾ ಬಾಕ್ಸ್ ನಟ್ಟನಡುವೆ ಉಂಟು. ಬೇಕೆಂದೇ ದೊಡ್ಡದಾಗಿ ಮಾಡಿದ್ದೇನೆ. ಡಾಕ್ಟರ ಸ್ಕ್ರೀನಿನಲ್ಲಿ ಅದನ್ನು ಓದದೆ ಮುಂದೆ ಹೋಗಲಿಕ್ಕಾಗುವುದಿಲ್ಲ. 'ಓದಿದಿರಾ?' ಎಂದು ಕೇಳುತ್ತದೆ. 'ಖಂಡಿತವಾಗಿಯೂ?' ಎಂದೂ.

ಈಗ ತಿಳಿಯಿತಲ್ಲ, ಇವತ್ತು ಗೀಟು ಮಾಯವಾದಾಗ ನನ್ನ ಕೈ ಯಾಕೆ ತಣ್ಣಗಾಯಿತೆಂದು. ಈ ಫಾರ್ಮನ್ನು ಮೊದಲ ಸಾಲಿನಿಂದ ನಾನೇ ಬರೆದದ್ದು. ಹಳೆಯದರಿಂದ ಒಂದು ಚೂರೂ ತಂದಿಲ್ಲ. ಊರಿಗೂ ಷರಾಕ್ಕೂ ನಡುವೆ ಯಾವ ಬಾಕ್ಸೂ ಇಲ್ಲ. ಅಂಚಿನ ಆಚೆ ಹುಡುಕಿದೆ, ಬಣ್ಣದ ಕೆಳಗೆ ಹುಡುಕಿದೆ, ಬ್ರೌಸರ್ ಬದಲಿಸಿ ನೋಡಿದೆ. ಇಲ್ಲ. ಆದರೂ ಗೀಟು ಊರು ಆದ ಮೇಲೆ ಒಂದು ಟ್ಯಾಬಿನಷ್ಟು ಹೊತ್ತು ಎಲ್ಲಿಗೋ ಹೋಗಿ ಬರುತ್ತದೆ.

ಸಫಿಯಾಳಿಗೆ ಫೋನ್ ಮಾಡಿದೆ. "ಹೌದಣ್ಣ, ಒಂದು ಟ್ಯಾಬ್ ಹೆಚ್ಚು ಹೊಡೀಬೇಕು, ನಾನೂ ನೋಡಿದೆ. ಇರ್ಲಿ ಬಿಡಿ" ಎಂದಳು.

ಕಾರಣ ಏನೋ ಇದ್ದೇ ಇರುತ್ತದೆ. ಇಂಥದ್ದಕ್ಕೆ ಯಾವಾಗಲೂ ಇರುತ್ತದೆ. ಇನ್ನೊಂದು ಗಂಟೆ ಹುಡುಕಿದರೆ ಸಿಗಬಹುದು.

ಹುಡುಕಲಿಲ್ಲ. ಹೆಸರು, ವಯಸ್ಸು, ಊರು. ಒಂದು ಟ್ಯಾಬ್. ಗೀಟು ಹೋಯಿತು, ಸ್ಕ್ರೀನ್ ಸುಮ್ಮನಾಯಿತು. ಈ ಸಲ ನಾನು ಮುಂದಿನ ಟ್ಯಾಬ್ ಒತ್ತಲಿಲ್ಲ. ಕೀಲಿಗಳ ಮೇಲೆ ಎರಡೂ ಕೈ ಇಟ್ಟು, ಸ್ಕ್ರೀನ್ ನೋಡದೆ, ನಿಧಾನವಾಗಿ ಬರೆದೆ: 'ಉಂಟಕ್ಕ. ಈಗ ಡಾಕ್ಟ್ರಿಗೆ ನಿಜವಾಗಿ ಕಾಣ್ತದೆ.'

ಒಂದು ಅಕ್ಷರವೂ ಎಲ್ಲಿಯೂ ಮೂಡಲಿಲ್ಲ. ಟ್ಯಾಬ್ ಒತ್ತಿದೆ. ಗೀಟು ಹಿಂದೆ ಬಂತು.