ನೆಟ್ಟಿಯ ಕೀ ಮರೆತ ಡಬ್ಬಿ

ಚಳಿನಾಡಿನ ಡಾಫಿನ್ ಊರಿನ ಆ ಬೀದಿಯಲ್ಲಿ ನೆಟ್ಟಿಯ ಸುದ್ದಿ ಬಂದರೆ ಸಾಕು, ಎದುರುಮನೆಯ ಮುದುಕಿ ಕಾಸ್ಯಾ ಒಂದೇ ಉಸಿರಿಗೆ ಹೇಳುತ್ತಿದ್ದಳು: "ಗಂಡ ಊರಿನ ಕಾರನ್ನೆಲ್ಲ ಬೆಚ್ಚಗೆ ಮಾಡ್ತಾನೆ, ಹೆಂಡ್ತಿ ಕೊರಿಯೋ ಚಳೀಲಿ ಗಾಜು ಕೆರೀತಾಳೆ. ಬಡಗಿ ಮನೆಗೆ ಬಾಗ್ಲಿಲ್ಲ ಅಂದ್ಹಾಗೆ."

ಸುಳ್ಳೇನಲ್ಲ. ಗಂಡ ಓರೆಸ್ಟ್ ಮನೆಗೆ ಅಂಟಿಕೊಂಡ ಗ್ಯಾರೇಜಿನಲ್ಲಿ ಕಾರುಗಳಿಗೆ ರಿಮೋಟ್ ಸ್ಟಾರ್ಟರ್ ಕೂರಿಸುವವನು. ಕಿಟಕಿಯ ಬಳಿ ನಿಂತು ಗುಂಡಿ ಒತ್ತಿದರೆ ಅಂಗಳದಲ್ಲಿ ಎಂಜಿನ್ ಗುರುಗುಟ್ಟಬೇಕು. ಕಾಫಿ ಮುಗಿಯುವಷ್ಟರಲ್ಲಿ ಸೀಟು ಬೆಚ್ಚಗಾಗಿ ಗಾಜಿನ ಹಿಮ ಕರಗಿರಬೇಕು. ಆದರೆ ಈಗಿನ ಕಾರುಗಳು ಮಹಾ ಅನುಮಾನದ ಪ್ರಾಣಿಗಳು. ಕೀಯ ತಲೆಯೊಳಗಿನ ಚಿಪ್ ತನ್ನ ಗುರುತು ಹೇಳದಿದ್ದರೆ ಎಂಜಿನ್ ಏಳುವುದೇ ಇಲ್ಲ. ಅದಕ್ಕೇ ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಬೆಂಕಿಪೊಟ್ಟಣದಂಥ ಒಂದು ಬೈಪಾಸ್ ಡಬ್ಬಿ ಬಚ್ಚಿಡುತ್ತಾರೆ. ಕೀ ಇಲ್ಲದಾಗಲೂ ಇದೆಯೆಂದು ಕಾರನ್ನು ನಂಬಿಸುವುದು ಅದರ ಕೆಲಸ. ಮೊದಲು ಮಾತ್ರ ಅದಕ್ಕೆ ಆ ಕಾರಿನ ಕೀಯ ಪರಿಚಯ ಮಾಡಿಸಬೇಕು.

ಮದುವೆಯಾದಾಗಿನಿಂದ ಟಾರ್ಚು ಹಿಡಿದವಳು ನೆಟ್ಟಿ. ಓರೆಸ್ಟ್ ಕಾರಿನೊಳಗೆ ಅಂಗಾತ ಮಲಗಿ ಕೈ ಚಾಚಿದರೆ ಏನು ಬೇಕೆಂದು ಕೇಳದೆ ಇಕ್ಕಳವನ್ನೋ ಟೇಪನ್ನೋ ಕೊಡುತ್ತಿದ್ದಳು. ಬೆಳಗಾಗುವ ಮುಂಚೆ ವೃದ್ಧಾಶ್ರಮದ ಅಡುಗೆಗೆ ಹೊರಡುವಾಗ ಮಾತ್ರ, ಸಂಧಿವಾತದ ಬೆರಳುಗಳಿಂದ ತನ್ನ ಕಾರಿನ ಹಿಮ ಕೆರೆಯುತ್ತಿದ್ದಳು. ಪ್ರತಿ ಚಳಿಗಾಲವೂ ಅದೇ ಮಾತು.

"ನನ್ನ ಕಾರಿಗೂ ಒಂದು ಹಾಕ್ಕೊಡು ಮಾರಾಯ."

"ಗಿರಾಕಿಗಳು ಮುಗೀಲಿ ಮಾರಾಯ್ತಿ. ನೀನೆಲ್ಲಿ ಓಡ್ಹೋಗ್ತೀಯ?"

ಪೆರೋಗಿ ಕಡುಬಿನ ಅಂಚು ಒತ್ತಲೂ ಆಗದಷ್ಟು ಬೆರಳು ಊದಿಕೊಂಡ ವರ್ಷ ನೆಟ್ಟಿ ಕೇಳುವುದನ್ನು ಬಿಟ್ಟಳು. ತನ್ನ ಸಂಬಳದಲ್ಲೇ ಸ್ಟಾರ್ಟರನ್ನೂ ಡಬ್ಬಿಯನ್ನೂ ತರಿಸಿದಳು. ಓರೆಸ್ಟ್ ಐಸ್ ಹಾಕಿ ಪಂದ್ಯ ನೋಡಲು ಹೋದ ಭಾನುವಾರ, ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು ತಾನೇ ಅಂಗಾತ ಮಲಗಿದಳು. ತಂತಿಗಳೆಲ್ಲ ಸೇರಿದ ಮೇಲೆ ಕೀ ತಿರುಗಿಸಿದಳು. ಡಬ್ಬಿಯ ಕೆಂಪು ದೀಪ ಮಿಣುಕಿತು, ತುಸು ಯೋಚಿಸಿತು, ಹಸಿರಾಯಿತು. ಒಳಗೆ ಹೋಗಿ ಕಿಟಕಿಯಿಂದ ಗುಂಡಿ ಒತ್ತಿದರೆ ಕಾರು ತಾನಾಗಿಯೇ ಎದ್ದಿತು. ನೆಟ್ಟಿ ಒಬ್ಬಳೇ ಕುಳಿತು ನಕ್ಕಳು.

ಓರೆಸ್ಟ್ ಬಂದವನು ಬಗ್ಗಿ ನೋಡಿದ. "ಟೇಪ್ ಸುತ್ತಿರೋ ಚೆಂದ ನೋಡು. ಎಲೆಕೋಸಿನ ಸುರುಳಿ ಇದ್ದಂಗಿದೆ."

ಬೆಚ್ಚಗಿನ ಸೀಟಿನ ಸುಖ ಕೆಲವೇ ದಿನ. ಒಂದು ಬೆಳಿಗ್ಗೆ ಗುಂಡಿ ಒತ್ತಿದಳು, ಕಾರು ಏಳಲಿಲ್ಲ. ಮತ್ತೆ ಒತ್ತಿದಳು.

ಓರೆಸ್ಟ್ ಬ್ರೆಡ್ಡಿಗೆ ಬೆಣ್ಣೆ ಸವರುತ್ತಲೇ ಹೇಳಿದ: "ಆ ಡಬ್ಬಿ ತೆಗ್ದೆ. ಪಕ್ಕದ್ಮನೆ ಲೋರ್ನ್ ಕಾರಿಗೆ ಬೇಕಿತ್ತು. ಗಿರಾಕೀನ ಎಷ್ಟಂತ ಕಾಯಿಸೋದು?"

"ಲೋರ್ನ್ ಅಂಗಡಿ ತೆಗೆಯೋದೇ ಬಿಸಿಲು ಬಂದ್ಮೇಲೆ."

"ಗಿರಾಕಿ ಗಿರಾಕೀನೇ."

"ಅದ್ರಲ್ಲಿ ನನ್ನ ಕೀ ಇತ್ತು."

"ಅಳಿಸ್ದೆ. ಡಬ್ಬಿ ಗುಂಡಿ ಒತ್ತಿ ಹಿಡಿದ್ರೆ ಎಲ್ಲಾ ಮರ್ತುಬಿಡುತ್ತೆ. ನಿಂಗೊತ್ತಿಲ್ವಾ?"

"ಗೊತ್ತು."

"ಇನ್ನೊಂದು ತರಿಸ್ತೀನಿ ಬಿಡು. ಇಷ್ಟು ವರ್ಷ ಕೆರೀತಿರ್ಲಿಲ್ವಾ?"

ನೆಟ್ಟಿ ಕೋಣೆಗೆ ಹೋದಳು. ಸೂಟ್‌ಕೇಸಿನಲ್ಲಿ ಬಟ್ಟೆಗಳ ಮೇಲೆ ಅಮ್ಮ ಕಸೂತಿ ಹಾಕಿದ ಮೇಜುವಸ್ತ್ರ ಮಡಚಿಟ್ಟಳು, ಲಟ್ಟಣಿಗೆಯನ್ನೂ ತುರುಕಿದಳು. ಹೊರಬಂದು ಗಂಡನ ತಟ್ಟೆಯ ಪಕ್ಕ ರಿಮೋಟ್ ಇಟ್ಟಳು.

"ಇದನ್ನೂ ಲೋರ್ನ್‌ಗೆ ಕೊಡು."

"ನಿನ್ನ ತಂಗಿ ಮನೆಗಾ? ಭಾನುವಾರದೊಳಗೆ ಬಾ. ಎರಡು ಕಾರಿದೆ, ಟಾರ್ಚ್ ಹಿಡಿಯೋರಿಲ್ಲ."

ಅವಳು ಬಾಗಿಲೆಳೆದುಕೊಂಡಳು. ಹೊರಗೆ ಉಸಿರು ಮೂಗಿನಲ್ಲೇ ಗಡ್ಡೆ ಕಟ್ಟುವ ಚಳಿ. ಮುಂದಿನ ಗಾಜಿನಲ್ಲಿ ದಾರಿ ಕಾಣುವಷ್ಟನ್ನು ಕೆರೆಯುವುದರೊಳಗೆ ಬೆರಳುಗಳು ಮರಗಟ್ಟಿದವು. ಪಕ್ಕದಂಗಳದಲ್ಲಿ ಲೋರ್ನ್‌ನ ಕಾರು ಯಾರೂ ಇಲ್ಲದೆಯೇ ಎದ್ದು, ಬಿಳಿ ಹೊಗೆ ಬಿಡುತ್ತಾ ನಿಂತಿತು.

ಓರೆಸ್ಟ್ ಒಳಗಿನಿಂದ ಕಿಟಕಿ ಬಡಿದ. "ಹಿಂದಿನ ಗಾಜು ಬಿಟ್ಟೆ, ನೆಟ್ಟಿ. ಅದನ್ನೂ ಕೆರಿ."

ಅವಳು ಸೂಟ್‌ಕೇಸನ್ನು ಪಕ್ಕದ ಸೀಟಿಗೆ ನೂಕಿ ಕೀ ತಿರುಗಿಸಿದಳು. ಹಿಂದಿನ ಗಾಜು ಹಾಗೇ ಇತ್ತು.