ಉಪ್ಪು ಹಾಕದ ಹಾಲು

ನಮ್ಮ ಆಕಳು ಗೌರಿ ಈದು ಇನ್ನೂ ತಿಂಗಳಾಗಿರಲಿಲ್ಲ. ಧಾರವಾಡದ ಕಾಲೇಜಿನ ಹುಡುಗಿಯೊಬ್ಬಳು ಬಾಟ್ಲಿ ಹಿಡಕೊಂಡು ಯರಗುಪ್ಪಿಯ ನಮ್ಮ ಮನಿಗೆ ಬಂದಳು.

“ಅಜ್ಜಿ, ಹಾಲು ಬೇಕಾಗಿತ್ರಿ. ಕುಡಿಯಾಕಲ್ಲ, ಕಣ್ಣಿಗೆ ಕಾಣದ ರೋಗದ ಹುಳಾ ಬೆಳಸಾಕ.”

ನಾ ಬಾಟ್ಲಿ ಹಿಂದಕ ತಳ್ಳಿದೆ. “ನಮ್ಮ ಹಾಲಿನಾಗ ರೋಗಾ ಸಾಕ್ತೀಯೇನ್ ಬೇ?”

“ಹುಳಾ ಬೆಳದ್ರ, ಯಾವ ಔಷಧಕ್ಕ ಸಾಯ್ತಾವಂತ ನೋಡಬಹುದ್ರಿ.”

ಆಗಲಿ ಅಂತ ಬಾಟ್ಲಿ ತುಂಬಿಸಿ, ಉಪ್ಪಿನ ಹರಳು ಹಾಕಾಕ ಹೋದೆ. ಉಪ್ಪಿಲ್ಲದ ಹಾಲು ಹೊಸ್ತಿಲು ದಾಟಿದರ ದೃಷ್ಟಿ ತಾಗಿ ಕೆಚ್ಚಲು ಬತ್ತತೈತಿ ಅಂತ ನಮ್ಮತ್ತಿ ಹೇಳತಿದ್ದಳು. ಹುಡುಗಿ ಗಪ್ಪನ ನನ್ನ ಕೈ ಹಿಡಿದಳು.

“ಬ್ಯಾಡ್ರಿ! ಉಪ್ಪು ಬಿದ್ರ ನನ್ನ ಹುಳಾ ಕೆಡತಾವ.”

“ಹಂಗಾರ ಹಾಲೂ ಇಲ್ಲ, ಹೋಗು.”

“ಹಾಲು ಸಿಗದಿದ್ರ ಮೊದಲಿನಂಗ ಹುಳಕ್ಕ ಕರುವಿನ ರಕ್ತದ ತಿಳಿನೀರು ಹಾಕಬೇಕ್ರಿ,” ಅಂದಳು ಸಣ್ಣ ದನಿಯಾಗ.

ಗೂಟಕ್ಕ ಕಟ್ಟಿದ್ದ ನಮ್ಮ ಕರು ಆಗ ನನ್ನ ಸೀರಿ ನೆಕ್ಕಾಕ ಹತ್ತಿತ್ತು. ಉಪ್ಪಿನ ಹರಳು ಹುಡುಗಿಯ ಓಡ್ನಿಯ ತುದಿಗೆ ಕಟ್ಟಿ, ಬಾಟ್ಲಿ ಹಂಗೇ ಕೊಟ್ಟು ಕಳಿಸಿದೆ.

ಸಂಜೀಕ ಹಿಂಡಾಕ ಕೂತೆ. ಗೌರಿ ಹಾಲು ಇಳಿಸಲೇ ಇಲ್ಲ. ಬೆನ್ನು ಸವರಿದೆ, ಬೇಡಿಕೊಂಡೆ, ಕರು ಬಿಟ್ಟೆ. ಕರು ಎರಡು ಸಲ ಗುದ್ದಿದ ಮ್ಯಾಲೆ ಹಾಲು ಚರಿಗಿಗೆ ಸೊರ್ರಂತ ಬಿತ್ತು. ನಾನೂ ಉಸಿರು ಬಿಟ್ಟೆ.

ಮೊನ್ನೆ ಹುಡುಗಿ ಫೋನ್ ಮಾಡಿದ್ದಳು. “ಅಜ್ಜಿ, ಹುಳಾ ಅಗದಿ ಛಲೋ ಬೆಳದಾವ್ರಿ!”

“ಮೆಲ್ಲಕ ಹೇಳ್ ಬೇ, ದೃಷ್ಟಿ ತಾಗೀತು,” ಅಂದೆ. ಗೌರಿಗೆ ತಾಗೀತಂತ ಅಂದೆನೋ, ಆ ಹುಳಕ್ಕ ತಾಗೀತಂತ ಅಂದೆನೋ, ನನಗೂ ತಿಳೀಲಿಲ್ಲ.